ಮಾದರಿ ಮನೆಯ ಮಾಮೂಲಿ ಕುಟುಂಬ

ಇಸ್ತ್ರಿಯಕ್ಕನಿಗೆ ಹಗಲಿನ ಚಳಿ ಎಂದರೇನೆಂದು ಇಪ್ಪತ್ತಾರು ವರ್ಷಗಳಿಂದ ಗೊತ್ತಿರಲಿಲ್ಲ. ರೈಲು ನಿಲ್ದಾಣದ ಹಿಂದಿನ ಬೀದಿಯ ದೊಡ್ಡ ಲಾಂಡ್ರಿಯಲ್ಲಿ ಬಾಗಿಲಿನಿಂದ ಮೂರನೆಯ ಮೇಜು ಅವಳದು. ಹೊರಗೆ ಹಿಮ ಬೀಳುತ್ತಿದ್ದರೂ ಆ ಮೇಜಿನ ಮುಂದೆ ನಿಂತವರ ಬೆನ್ನು ಬೆವರಿನಿಂದ ಒದ್ದೆಯಾಗುತ್ತಿತ್ತು. ಒಂದು ಅಂಗಿಗೆ ಒಂದೂವರೆ ನಿಮಿಷ: ಮೊದಲು ಕಾಲರು, ಆಮೇಲೆ ಭುಜ, ಮುಂಗೈ, ತೋಳು, ಕೊನೆಗೆ ಎದೆ. ಮೊಣಕೈ ಸವೆದಿದ್ದರೆ ಗುಮಾಸ್ತ, ಭುಜ ಸವೆದಿದ್ದರೆ ಹಮಾಲಿ, ಎಲ್ಲಿಯೂ ಸವೆಯದಿದ್ದರೆ ಅಧಿಕಾರಿ ಎಂದು ಅವಳು ಅಂಗಿ ನೋಡಿ ಆಳನ್ನು ಹೇಳುತ್ತಿದ್ದಳು. ತಪ್ಪುತ್ತಿದ್ದದ್ದು ಅಪರೂಪ.

ಚಳಿ ಏನಿದ್ದರೂ ಮನೆಗೆ ಹೋದ ಮೇಲಿನ ಸಂಗತಿ. ಮದುವೆಯಾದಂದಿನಿಂದ ಅವಳು ಹನ್ನೊಂದು ಬಾಡಿಗೆ ಮನೆ ಕಂಡಿದ್ದಳು. ಬೀಗದ ಕೈ ಕೊಡುವಾಗ ಹನ್ನೊಂದು ಮಾಲೀಕರೂ ಇದನ್ನು ನಿಮ್ಮ ಮನೆ ಅಂತಲೇ ತಿಳಿದುಕೊಳ್ಳಿ ಎಂದಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಅದೇ ಬಾಯಿಂದ ಬಚ್ಚಲ ದೀಪ ಯಾಕೆ ಉರಿಯುತ್ತಿದೆ, ನೀರು ಯಾಕೆ ಇಷ್ಟು ಹೊತ್ತು ಸುರಿಯಿತು, ಒಲೆ ಇನ್ನೂ ಆರಿಲ್ಲವೇ ಎಂಬ ವಿಚಾರಣೆ ಶುರುವಾಗುತ್ತಿತ್ತು. ಏಳನೆಯ ಮನೆಯ ಮಾಲೀಕಳಂತೂ ಗೋಡೆಗೆ ಕಿವಿಯಿಟ್ಟು ಬಿಸಿನೀರಿನ ಕೊಳವೆ ದಿನಕ್ಕೆ ಎಷ್ಟು ಸಲ ಸದ್ದು ಮಾಡಿತೆಂದು ಎಣಿಸುತ್ತಿದ್ದಳು. ಹೀಗೆ ಬದುಕಿದವಳಲ್ಲಿ ಮಿತವ್ಯಯ ಗುಣವಾಗಿ ಉಳಿಯಲಿಲ್ಲ, ಮೈಗಂಟಿದ ರೋಗವಾಯಿತು. ಖಾಲಿ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ, ಅದು ಕಂಡವರ ಮನೆಯದಾದರೂ, ಅವಳ ಕೈ ತಾನಾಗಿಯೇ ಸ್ವಿಚ್ಚಿನ ಕಡೆ ಹೋಗುತ್ತಿತ್ತು.

ಮನೆಯಲ್ಲಿ ಅವಳಲ್ಲದೆ ಇದ್ದವರು ಇಬ್ಬರು. ಗಂಡ ಸಿಟಿ ಬಸ್ಸಿನ ಕಂಡಕ್ಟರು. ಮೂವತ್ತು ವರ್ಷ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗಿ ಕೂಗಿ, ಮನೆಯಲ್ಲಿ ಮಾತಾಡಲು ಅವನಿಗೆ ಗಂಟಲಾಗಲೀ ಆಸಕ್ತಿಯಾಗಲೀ ಉಳಿದಿರಲಿಲ್ಲ. ಇನ್ನೊಬ್ಬರು ಅತ್ತೆ. ವಯಸ್ಸು ಎಪ್ಪತ್ತಾರು, ಹಲ್ಲು ನಾಲ್ಕು, ನಾಲಿಗೆ ಮಾತ್ರ ಪೂರ್ತಿ. ಸೊಸೆಯನ್ನು ಬೈಯದ ದಿನ ಆ ಮುದುಕಿಗೆ ಊಟ ಸೇರುತ್ತಿರಲಿಲ್ಲ, ಸೊಸೆ ಲಾಂಡ್ರಿಯಿಂದ ಬರುವುದು ತಡವಾದರೂ ಊಟ ಸೇರುತ್ತಿರಲಿಲ್ಲ. ಅತ್ತೆಗಿದ್ದದ್ದು ಒಂದೇ ಆಸೆ: ‘ಖಾಲಿ ಮಾಡಿ’ ಎಂದು ಯಾರೂ ಹೇಳಲಾಗದ ನಾಲ್ಕು ಗೋಡೆಯ ಒಳಗೆ ಕಣ್ಣು ಮುಚ್ಚಬೇಕು. ಹನ್ನೊಂದು ಸಲ ಹಾಸಿಗೆ ಸುತ್ತಿದವರಿಗೆ ಅದು ದೊಡ್ಡ ಆಸೆಯೇನಲ್ಲ. ಆದರೂ ಇಸ್ತ್ರಿಯಕ್ಕನ ಕೈಯಲ್ಲಿ ಅದನ್ನು ತೀರಿಸಲು ಆಗಿರಲಿಲ್ಲ.

ಅಷ್ಟರಲ್ಲಿ ನೆಲದ ಕಾವಿನಿಂದ ಮನೆ ಬೆಚ್ಚಗಿಡುತ್ತೇವೆ ಎನ್ನುವ ಒಂದು ಕಂಪನಿ ಊರಂಚಿನ ಬಯಲಿನ ಪಕ್ಕದಲ್ಲಿ ಮಾದರಿ ಮನೆಯೊಂದನ್ನು ಕಟ್ಟಿತು. ಒಳಗೆ ಎರಡು ವರ್ಷ ಬದುಕಿ ತೋರಿಸಲು ಅವರಿಗೊಂದು ಮಾಮೂಲಿ ಕುಟುಂಬ ಬೇಕಿತ್ತು. ಮುನ್ನೂರ ಚಿಲ್ಲರೆ ಅರ್ಜಿ ಬಂದವು. ನಿಮ್ಮ ವಿಶೇಷವೇನು ಎಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿಕೊಂಡರು. ಒಬ್ಬ ಗಿಡ ನೆಟ್ಟಿದ್ದ, ಒಬ್ಬ ಸೈಕಲ್ಲಿನಲ್ಲಿ ದೇಶ ಸುತ್ತಿದ್ದ, ಒಬ್ಬಳು ಹತ್ತು ವರ್ಷದಿಂದ ಪ್ಲಾಸ್ಟಿಕ್ ಮುಟ್ಟಿರಲಿಲ್ಲ. ಕಂಡಕ್ಟರು ತನ್ನ ಸರದಿ ಬಂದಾಗ ಸ್ವಲ್ಪ ಯೋಚಿಸಿ, ಏನೂ ಇಲ್ಲ ಎಂದ. ಕಂಪನಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವನನ್ನೇ ಆರಿಸಿದರು.

ಮನೆ ತೋರಿಸಿದವನು ಎಳೆ ವಯಸ್ಸಿನ ಎಂಜಿನಿಯರು. ಮನೆಯನ್ನು ತಾನೇ ಹೆತ್ತವನಂತೆ ಅವನು ಗೋಡೆ ಸವರುತ್ತ ನಡೆದ. ಅಂಗಳದಲ್ಲಿ ನೂರು ಮೀಟರ್ ಆಳದ ರಂಧ್ರ ಕೊರೆದು, ಅದರೊಳಗೆ ಹೋಗಿ ಮರಳುವ ಕೊಳವೆ ಇಳಿಸಿದ್ದಾರೆ. ಮೇಲೆ ಎಂಥ ಚಳಿಯಿದ್ದರೂ ಅಷ್ಟು ಕೆಳಗೆ ನೆಲ ತನ್ನ ಕಾವು ಬಿಡುವುದಿಲ್ಲ. ಕೊಳವೆಯ ನೀರು ಅದನ್ನು ಹೊತ್ತು ತರುತ್ತದೆ, ಉಗ್ರಾಣದಲ್ಲಿರುವ ಬೀರುವಿನಷ್ಟು ದೊಡ್ಡ ಯಂತ್ರ ಅದನ್ನು ಹೆಚ್ಚಿಸಿ ಹಾಸುನೆಲದಡಿಯ ಕೊಳವೆಗಳಿಗೂ ಬಚ್ಚಲಿಗೂ ಕಳಿಸುತ್ತದೆ. ಗೋಡೆಯೊಳಗೆ ಹಳೆಯ ಕಾಗದದ ಚೂರು ತುಂಬಿದ್ದಾರೆ. ಕಿಟಕಿಗೆ ಮೂರು ಪದರ ಗಾಜು. ಮಳೆನೀರಿಗೆ ತೊಟ್ಟಿ. ಸ್ನಾನ ಮಾಡಿದ ನೀರು ಸೋಸಿಕೊಂಡು ಶೌಚಾಲಯದ ಟ್ಯಾಂಕಿಗೆ ಹೋಗುತ್ತದೆ. ನಡುಮನೆಯ ಗೋಡೆಯಲ್ಲಿ ಒಂದು ಮೀಟರು. ಯಾವ ಗಂಟೆಗೆ ಎಷ್ಟು ಕಾವು ಖರ್ಚಾಯಿತೆಂದು ಅದು ಕಂಪನಿಗೆ ತಾನೇ ಹೇಳಿಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿ ಎಂಜಿನಿಯರು ಕೊನೆಗೆ ಹೇಳಿದ: “ನೀವು ಮಾಮೂಲಾಗಿ ಇರಿ ಅಷ್ಟೆ. ಮೀಟರ್ ಇರೋದನ್ನೇ ಮರೆತುಬಿಡಿ. ಎರಡು ವರ್ಷ ಆದ ಮೇಲೆ ಮನೆ ನಿಮ್ಮದು.”

ಆ ಯುವಕ ಸುಳ್ಳು ಹೇಳಿರಲಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನೇ ಆಡಿದ್ದ. ಆದರೆ ಕೇಳಿಸಿಕೊಂಡವಳು ಹನ್ನೊಂದು ಮಾಲೀಕರನ್ನು ಕಂಡ ಹೆಂಗಸು. ಮೀಟರು ಮರೆತುಬಿಡಿ ಎನ್ನುವವನ ಕಣ್ಣು ಮೀಟರಿನ ಮೇಲೇ ಇರುತ್ತದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಬಿಟ್ಟಿಯಾಗಿ ಮನೆ ಕೊಡುವವರು ಏನಾದರೊಂದು ಪರೀಕ್ಷೆ ಮಾಡದೆ ಕೊಟ್ಟಾರೆಯೇ? ಆ ರಾತ್ರಿಯೇ ಅವಳು ಗಂಡನಿಗೂ ಅತ್ತೆಗೂ ಮನೆಯ ಕಾನೂನು ತಿಳಿಸಿದಳು. ಮೀಟರು ಓಡಕೂಡದು.

ಹೀಗೆ ಆ ಊರಿನಲ್ಲೇ ಅತಿ ಬೆಚ್ಚಗಿನ ಮನೆಯಲ್ಲಿ ಅತಿ ತಣ್ಣಗಿನ ಸಂಸಾರ ಶುರುವಾಯಿತು. ಇಸ್ತ್ರಿಯಕ್ಕ ಲಾಂಡ್ರಿಯ ಹಿಂಬದಿಯ ಬಚ್ಚಲಿನಲ್ಲಿ ಸ್ನಾನ ಮುಗಿಸಿ ಬರುತ್ತಿದ್ದಳು, ಕಂಡಕ್ಟರು ಬಸ್ ಡಿಪೋದಲ್ಲಿ. ಅತ್ತೆಯನ್ನು ಅವಳು ವಾರಕ್ಕೆರಡು ಸಲ ತನ್ನ ತಂಗಿಯ ಮನೆಗೆ ಕರೆದೊಯ್ದು ಸ್ನಾನ ಮಾಡಿಸಬೇಕಿತ್ತು. ತಂಗಿಯದು ಎರಡು ಬೀದಿ ಆಚೆ, ಸೌದೆ ಒಲೆಯ ಹಳೇ ಮನೆ; ಮೂರು ಮಕ್ಕಳು, ಹೊಗೆ, ಆದರೆ ಹಂಡೆ ತುಂಬ ಬಿಸಿನೀರು. ಅಷ್ಟು ದೊಡ್ಡ ಮನೆಯಿಂದ ನಮ್ಮ ಗುಬ್ಬಚ್ಚಿ ಗೂಡಿಗೆ ಸ್ನಾನಕ್ಕೆ ಬರ್ತೀರಲ್ಲ ಎಂದು ತಂಗಿ ಕೇಳಿದರೆ, ಅಲ್ಲಿನ ನೀರು ನಮ್ಮತ್ತೆಗೆ ಒಗ್ಗುತ್ತಿಲ್ಲ ಎಂದು ಅಕ್ಕ ಅಡ್ಡಗೋಡೆಯ ಮೇಲೆ ದೀಪವಿಟ್ಟಳು. ಎಲ್ಲಿಯ ನೀರೂ ತನಗೆ ಒಗ್ಗುತ್ತದೆಂದು ಅತ್ತೆ ಬಾಯಿ ತೆರೆದರು. ಸೊಸೆ ಮೆಲ್ಲಗೆ ಅವರ ಕಾಲು ತುಳಿದಳು.

ಸ್ನಾನವೇ ನಡೆಯದ ಮನೆಯಲ್ಲಿ ಶೌಚಾಲಯದ ಟ್ಯಾಂಕು ತುಂಬುವುದು ಎಲ್ಲಿಂದ? ಮೊದಲ ವಾರದಲ್ಲೇ ಅದು ಒಣಗಿತು. ಕಂಡಕ್ಟರು ಮಳೆನೀರಿನ ತೊಟ್ಟಿಯಿಂದ ಬಕೆಟ್ಟಿನಲ್ಲಿ ಹೊತ್ತು ತರುವ ಪದ್ಧತಿ ಬಂತು. ಪ್ರಪಂಚದ ಅತ್ಯಾಧುನಿಕ ಶೌಚಾಲಯಕ್ಕೆ ದಿನವೂ ಎಂಟು ಬಕೆಟ್ ನೀರು ಹೊರುವ ತನ್ನ ಅದೃಷ್ಟದ ಬಗ್ಗೆ ಅವನು ಏನೂ ಹೇಳಲಿಲ್ಲ.

ಚಳಿಗಾಲದಲ್ಲಿ ಕಾವನ್ನು ಹದಿನಾಲ್ಕು ಡಿಗ್ರಿಗೆ ಇಳಿಸಿಟ್ಟು, ಮೂವರೂ ಎರಡೆರಡು ಸ್ವೆಟರು, ಕಾಲುಚೀಲ, ಟೋಪಿ ತೊಟ್ಟು ಕೂರುತ್ತಿದ್ದರು. ಅತ್ತೆಯ ಬೆರಳ ಗೆಣ್ಣು ಸೆಟೆದು ತಟ್ಟೆಯ ತುತ್ತು ಹಿಡಿಯಲು ಆಗದ ದಿನಗಳೂ ಇದ್ದವು. ಆಗೆಲ್ಲ ಸೊಸೆ ಲಾಂಡ್ರಿಯಿಂದ ತಂದ ದಪ್ಪ ಬಟ್ಟೆಯನ್ನು ಕಾಯಿಸಿ ಅವರ ಕೈಗೆ ಸುತ್ತುತ್ತಿದ್ದಳು. ಇನ್ನು ಸ್ವಲ್ಪ ದಿನ ಅತ್ತೆ, ಆಮೇಲೆ ಯಾರೂ ನಮ್ಮನ್ನ ಏಳಿಸಲ್ಲ ಎನ್ನುತ್ತಿದ್ದಳು. ಈ ಚಳಿಗೆ ನಾನು ಹೋದರೂ ನಿನ್ನ ಮೀಟರ್ ಓಡಲ್ಲ ಬಿಡು ಎನ್ನುತ್ತಿದ್ದರು ಅತ್ತೆ. ಹಾಗೆಂದರೂ ಕಾವಿನ ಗುಂಡಿಯನ್ನು ಅವರಾಗಿ ಒಮ್ಮೆಯೂ ಮುಟ್ಟಲಿಲ್ಲ. ಆ ಆಸೆ ಅವರದೇ ಅಲ್ಲವೇ?

ಶನಿವಾರ ಮಾತ್ರ ಬೇರೆ. ಅಂದು ಹತ್ತರಿಂದ ಒಂದರವರೆಗೆ ಮಾದರಿ ಮನೆ ನೋಡಲು ಜನ ಬರುತ್ತಿದ್ದರು. ನೆಲ ಕಾಯಲು ಹೊತ್ತು ಬೇಕೆಂದು ಇಸ್ತ್ರಿಯಕ್ಕ ಶುಕ್ರವಾರ ಸಂಜೆಯೇ ಗುಂಡಿ ತಿರುಗಿಸಿ ಇಪ್ಪತ್ತೆರಡಕ್ಕೆ ಇಡುತ್ತಿದ್ದಳು. ಬಂದವರು ಚಪ್ಪಲಿ ಕಳಚಿ ಬೆಚ್ಚಗಿನ ನೆಲಕ್ಕೆ ಪಾದವೂರಿ ಆಹಾ ಎನ್ನುತ್ತಿದ್ದರು. ತೆಳು ಅಂಗಿ ತೊಟ್ಟ ಕಂಡಕ್ಟರು ದಿನಪತ್ರಿಕೆ ಹಿಡಿದು ನೆಮ್ಮದಿಯ ಮನುಷ್ಯನಂತೆ ಕೂತಿರುತ್ತಿದ್ದ. ನೀವು ಯಾವಾಗಲೂ ಹೀಗೇ ಇರ್ತೀರಾ ಎಂದು ಯಾರಾದರೂ ಕೇಳಿದರೆ, ಹೌದು, ಹೀಗೇ ಎಂದು ಇಸ್ತ್ರಿಯಕ್ಕ ನಗುತ್ತಿದ್ದಳು. ಒಂದು ಹೊಡೆಯುತ್ತಿದ್ದಂತೆ ಗುಂಡಿ ಕೆಳಗೆ, ಸ್ವೆಟರು ಮೇಲೆ.

ಅತ್ತ ಕಂಪನಿಯ ಕಚೇರಿಯಲ್ಲಿ ಎಂಜಿನಿಯರು ಮೀಟರು ಕಳಿಸಿದ ಅಂಕಿಗಳನ್ನು ನೋಡಿ ನಿದ್ದೆಗೆಟ್ಟ. ತಾನು ಅಂದಾಜಿಸಿದ್ದರಲ್ಲಿ ಅರ್ಧವೂ ಖರ್ಚಾಗಿಲ್ಲ. ಎರಡು ಚಳಿಗಾಲವೂ ಇದೇ ಕಥೆ. ಯಾರದಾದರೂ ತಲೆಯಲ್ಲಿ ಅನುಮಾನ ಹುಟ್ಟಬೇಕಿತ್ತು. ಇವನ ತಲೆಯಲ್ಲಿ ಹೆಮ್ಮೆ ಹುಟ್ಟಿತು. ಗೋಡೆಯ ಕಾಗದದ ಚೂರು ತಾನೆಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ ಎಂದುಕೊಂಡ. ಪ್ರತಿ ಶುಕ್ರವಾರ ಸಂಜೆ ಏರಿ ಶನಿವಾರ ಮಧ್ಯಾಹ್ನ ಇಳಿಯುವ ಗೆರೆಗೂ ಅವನೊಂದು ವಿವರಣೆ ಕಂಡುಕೊಂಡ. ದುಡಿಯುವ ಕುಟುಂಬ ವಾರದ ಕೊನೆಯಲ್ಲಿ ಒಟ್ಟಿಗೆ ಕೂತು ಕಳೆಯುವ ಸಂತಸದ ಗಳಿಗೆಯಂತೆ ಅದು. ಈ ವಿವರಣೆಗೆ ಸಭೆಯೊಂದರಲ್ಲಿ ಚಪ್ಪಾಳೆಯೂ ಬಿತ್ತು.

ಆ ಅಂಕಿಗಳ ಬಲದ ಮೇಲೆಯೇ ಎದುರಿನ ಬಯಲಿನಲ್ಲಿ ಅರವತ್ತು ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಅರ್ಜಿ ಹಾಕಿದವರಲ್ಲಿ ತಂಗಿಯ ಸಂಸಾರಕ್ಕೂ ಒಂದು ಮನೆ ಗೊತ್ತಾಯಿತು. ಅಂದು ಅವಳು ಓಡಿಬಂದು ಅಕ್ಕನನ್ನು ತಬ್ಬಿಕೊಂಡು, ಇನ್ನು ನನ್ನ ಮಕ್ಕಳೂ ಬರಿಗಾಲಲ್ಲಿ ಓಡಾಡ್ತಾವೆ, ಸೌದೆ ಒಲೆ ಗುಜರಿಗೆ ಹಾಕಿಬಿಡ್ತೀನಿ ಎಂದಳು. ಸಣ್ಣ ಮಗುವಿಗೆ ಆ ಹೊಗೆಯಿಂದಲೇ ಗೂರಲು. ಹಳೇ ಮನೆಯ ಮಾಲೀಕರಿಗೆ ಬಿಡುತ್ತೇವೆಂದು ಆಗಲೇ ಹೇಳಿಯೂ ಆಗಿತ್ತು. ಇಸ್ತ್ರಿಯಕ್ಕನಿಗೂ ನಿಜಕ್ಕೂ ಸಂತೋಷವಾಯಿತು. ಎರಡು ವರ್ಷ ತುಂಬಲು ಆಗ ಎರಡು ತಿಂಗಳು ಬಾಕಿಯಿತ್ತು.

ವಿಷಯ ಬಯಲಾದದ್ದು ಲಾಂಡ್ರಿಯಲ್ಲೇ. ಬಯಲಿಗೆ ಬಂದು ನೆಲ ಹದಮಾಡುತ್ತಿದ್ದ ರಂಧ್ರ ಕೊರೆಯುವವರ ಕೆಸರು ಸಮವಸ್ತ್ರಗಳು ಅಲ್ಲಿಗೇ ಒಗೆಯಲು ಬರುತ್ತಿದ್ದವು. ಒಂದು ಮಧ್ಯಾಹ್ನ ಆ ತಂಡದ ಮೇಸ್ತ್ರಿ, ಕಿವಿಯೊಳಗೂ ಮಣ್ಣು ತುಂಬಿಕೊಂಡ ಭಾರಿ ಆಳು, ಬಟ್ಟೆ ಒಯ್ಯಲು ಬಂದು ಮೂರನೆಯ ಮೇಜಿನ ಹತ್ತಿರ ಕಾಯುತ್ತ ನಿಂತ. ಮುಂದಿನ ತಿಂಗಳ ಒಂದನೇ ತಾರೀಕಿಗೆ ಕೊರೆಯುವುದು ಶುರುವಂತೆ. ಈ ಸಲ ಸಲೀಸು ಕೆಲಸ, ಐವತ್ತು ಮೀಟರ್ ಸಾಕಂತೆ ಎಂದ. ಇಸ್ತ್ರಿಯಕ್ಕನ ಕೈ ಕಾಲರಿನ ಮೇಲೆ ನಿಂತಿತು. ನೂರು ಅಲ್ವಾ ಎಂದು ಕೇಳಿದಳು. ಮುಂಚೆ ನೂರೇ, ಯಾವುದೋ ಪುಣ್ಯಾತ್ಮರ ಸಂಸಾರ ಒಂದು ಮನೆಯಲ್ಲಿ ಕಾವೇ ಖರ್ಚು ಮಾಡದೆ ಬದುಕಿದೆಯಂತೆ, ಅದರ ಲೆಕ್ಕದ ಮೇಲೆ ಅರ್ಧ ಮಾಡಿದ್ದಾರೆ ಎಂದ ಮೇಸ್ತ್ರಿ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಆ ಅರವತ್ತು ಮನೆಯವರು ಹಾಗೆ ಬದುಕದಿದ್ದರೆ ಏನಾಗುತ್ತದೆ ಎಂದು ಕೇಳಿದಳು.

“ಹಸು ಇದ್ದ ಹಾಗೆ ನೋಡಿ ನೆಲ,” ಎಂದ ಮೇಸ್ತ್ರಿ. “ಕೊಡೋದಕ್ಕಿಂತ ಜಾಸ್ತಿ ಕರೆದ್ರೆ ಒಂದು ವರ್ಷ ಕೊಡುತ್ತೆ, ಎರಡನೇ ವರ್ಷ ಕಮ್ಮಿ ಆಗುತ್ತೆ, ಮೂರನೇ ಚಳಿಗೆ ನೆಲಾನೇ ತಣ್ಣಗಾಗಿರುತ್ತೆ. ಆಮೇಲೆ ಆ ಕೊಳವೇನ ಮೇಲೆತ್ತಿ ಉದ್ದ ಮಾಡೋಕೆ ಬರಲ್ಲ. ಮೇಲೆ ಮನೆ ಕೂತಿರುತ್ತಲ್ಲ.”

ಎಂದೂ ಆಗದ್ದು ಅಂದು ಆಯಿತು. ಇಸ್ತ್ರಿಯಕ್ಕ ಒಂದು ಅಂಗಿ ಸುಟ್ಟಳು.

ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮನೆಯ ಪತ್ರಕ್ಕೆ ಸಹಿಯಾಗುವುದು ಒಂದನೇ ತಾರೀಕು ಕಳೆದು ನಾಲ್ಕು ವಾರಕ್ಕೆ. ಕಂಡಕ್ಟರು, ಇಳಿಯಬೇಕಾದ ಸ್ಟಾಪು ಕಣ್ಣಿಗೆ ಕಾಣುತ್ತಿರುವಾಗ ಯಾರಾದರೂ ಮುಂಚೆಯೇ ಇಳಿಯುತ್ತಾರೆಯೇ, ಸಹಿ ಆಗಲಿ, ಮಾರನೇ ದಿನ ಹೇಳೋಣ ಎಂದ. ಅಷ್ಟರಲ್ಲಿ ಅರವತ್ತೂ ರಂಧ್ರ ಕೊರೆದು ಮುಗಿದಿರುತ್ತದೆ ಎಂದಳು ಅವಳು. ಅತ್ತೆ ಮೂಲೆಯಲ್ಲಿ ಕಂಬಳಿಯೊಳಗಿಂದ ಎಲ್ಲ ಕೇಳಿಸಿಕೊಂಡರು. ಜೀವನದಲ್ಲಿ ಮೊದಲ ಸಲ ಅವರು ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ.

ಮಾರನೇ ದಿನ ಇಸ್ತ್ರಿಯಕ್ಕ ಎಂಜಿನಿಯರನ್ನು ಮನೆಗೆ ಕರೆಸಿ ಒಂದೂ ಬಿಡದೆ ಒಪ್ಪಿಕೊಂಡಳು: ಲಾಂಡ್ರಿಯ ಬಚ್ಚಲು, ಡಿಪೋ, ತಂಗಿಯ ಹಂಡೆ, ಎಂಟು ಬಕೆಟ್ಟು, ಶುಕ್ರವಾರದ ಗುಂಡಿ. ಅವನು ಕೇಳುತ್ತ ಕೇಳುತ್ತ ಮುಗುಳ್ನಕ್ಕ. ದೊಡ್ಡ ಕೆಲಸ ಮಾಡಿದವರು ಹೀಗೆಯೇ ಅದನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ, ಈ ವಿನಯ ತನಗೆ ಇಷ್ಟವಾಯಿತು, ಆದರೆ ಅಂಕಿ ಸುಳ್ಳು ಹೇಳುವುದಿಲ್ಲ ಎಂದ.

“ಅಂಕಿ ಹೇಳಲಿಲ್ಲ ಸಾರ್,” ಎಂದಳು ಇಸ್ತ್ರಿಯಕ್ಕ. “ಸುಳ್ಳು ಹೇಳಿದ್ದು ನಾನು.”

ಅವನು ನಂಬದೆ ಹೋದ. ಅರ್ಧ ಗಂಟೆ ಬಾಯಾರೆ ಹೇಳಿದ ಸತ್ಯಕ್ಕಿಂತ ಗೋಡೆಯ ಮೀಟರಿನ ಮಾತಿಗೆ ಬೆಲೆ ಹೆಚ್ಚಿದ್ದರೆ, ಆ ಮೀಟರಿನಿಂದಲೇ ಹೇಳಿಸಬೇಕು. ಅಂದು ಸಂಜೆ ಅವಳು ಗುಂಡಿಯನ್ನು ಇಪ್ಪತ್ತೊಂದಕ್ಕೆ ತಿರುಗಿಸಿದಳು. ಇನ್ನು ಮೇಲೆ ಎಲ್ಲರೂ ಮನೆಯಲ್ಲೇ ಸ್ನಾನ ಎಂದಳು. ಮೊದಮೊದಲು ಮೂವರಿಗೂ ಕಳ್ಳತನ ಮಾಡಿದಂತಾಗುತ್ತಿತ್ತು. ಕಂಡಕ್ಟರು ಬಚ್ಚಲಿನಿಂದ ಎರಡೇ ನಿಮಿಷಕ್ಕೆ ಸೋಪು ಕಿವಿಯಲ್ಲಿ ಉಳಿಸಿಕೊಂಡು ಹೊರಬರುತ್ತಿದ್ದ. ನಾಲ್ಕನೆಯ ದಿನ ಅವನು ಒಳಗೆ ಹಾಡು ಗುನುಗುವುದು ಕೇಳಿಸಿತು. ಅವನಿಗೆ ಹಾಡು ಬರುತ್ತದೆಂದು ಹೆಂಡತಿಗೆ ಗೊತ್ತೇ ಇರಲಿಲ್ಲ. ಟ್ಯಾಂಕು ತನ್ನಷ್ಟಕ್ಕೆ ತುಂಬಿತು, ಬಕೆಟ್ಟು ಮೂಲೆ ಸೇರಿತು. ಅತ್ತೆ ಸ್ವೆಟರು ಕಳಚಿ, ಟೋಪಿ ಕಳಚಿ, ನಡುಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಬೆರಳುಗಳನ್ನು ಮಡಚಿ ಬಿಡಿಸಿ ಮಡಚಿ ಬಿಡಿಸಿ ನೋಡಿಕೊಂಡರು.

ಒಂದು ವಾರದಲ್ಲಿ ಕಂಪನಿಯವರು ಓಡಿಬಂದು ಮೀಟರು ಕೆಟ್ಟಿದೆಯೆಂದು ಬದಲಿಸಿ ಹೋದರು. ಹೊಸ ಮೀಟರೂ ಅದನ್ನೇ ಹೇಳಿತು. ಎರಡನೆಯ ವಾರದ ಕೊನೆಗೆ ಎಂಜಿನಿಯರು ಒಬ್ಬನೇ ಬಂದ. ಅಡುಗೆಮನೆಯ ಸ್ಟೂಲಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ. ಅರವತ್ತು ಮನೆಯ ನಕ್ಷೆಯ ಮೇಲೆ ಅವನ ಸಹಿಯಿತ್ತು, ಆ ಸಹಿಯ ಮೇಲೆ ಅವನ ಬಡ್ತಿಯಿತ್ತು.

“ಅಕ್ಕಾ, ನಿಮ್ಮ ಪತ್ರಕ್ಕೆ ಇನ್ನೇನು ಆರು ವಾರ,” ಎಂದ ತಗ್ಗಿದ ದನಿಯಲ್ಲಿ. “ನಾನು ಯಾರಿಗೂ ಹೇಳಲ್ಲ. ನೀವೂ ಹೇಳ್ಬೇಡಿ. ಅಲ್ಲಿಗೆ ಬರೋರೂ ನಿಮ್ಮ ಹಾಗೇ ಹಿಡಿದು ಬದುಕ್ತಾರೆ ಅಂತ ಇಟ್ಕೊಳ್ಳೋಣ.”

ಎರಡು ವರ್ಷ ಮಾಮೂಲಾಗಿ ಇರಿ ಎಂದವನು ಇವನೇ. ಇಸ್ತ್ರಿಯಕ್ಕನಿಗೆ ಸಿಟ್ಟು ಬರಲಿಲ್ಲ, ಮರುಕವಾಯಿತು. ಆಸೆಯೂ ಆಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಬಾಯಿಗೆ ಬೀಗ ಹಾಕಿದರೆ ಸಾಕು, ಮನೆ ಕೈಗೆ ಬರುತ್ತದೆ, ಅತ್ತೆಯ ಆಸೆ ತೀರುತ್ತದೆ. ಬಯಲಿನ ಮನೆಗಳು ತಣ್ಣಗಾಗುವುದು ಮೂರು ಚಳಿಗಾಲದ ನಂತರದ ಮಾತು. ಅಷ್ಟರಲ್ಲಿ ಯಾರ ತಪ್ಪೆಂದು ಯಾರು ಹುಡುಕಿಕೊಂಡು ಬರುತ್ತಾರೆ? ಆದರೆ ಸೌದೆ ಒಲೆ ಗುಜರಿಗೆ ಹಾಕಿ, ತಣ್ಣಗಿನ ಹಾಸುನೆಲದ ಮೇಲೆ ಮಗುವನ್ನು ಎತ್ತಿಕೊಂಡು ನಿಂತ ತಂಗಿಯ ಚಿತ್ರ ಕಣ್ಣಿಗೆ ಕಟ್ಟಿತು. ತಂಗಿಯ ಪಕ್ಕದಲ್ಲಿ ಇನ್ನೂ ಐವತ್ತೊಂಬತ್ತು ಹೆಂಗಸರು ಹಾಗೆಯೇ ನಿಂತಿದ್ದರು. ಒಂದನೇ ತಾರೀಕಿಗೆ ಹನ್ನೆರಡು ದಿನ ಉಳಿದಿತ್ತು. ಅವಳು ಲಾಂಡ್ರಿಗೆ ಅರ್ಧ ದಿನ ರಜೆ ಹೇಳಿ, ತನ್ನದೇ ಸೀರೆಯನ್ನು ಎರಡು ಸಲ ಇಸ್ತ್ರಿ ಮಾಡಿ ಉಟ್ಟುಕೊಂಡು, ಕಂಪನಿಯ ಕಚೇರಿಗೆ ನಡೆದಳು.

ನಿರ್ದೇಶಕಿ ನಡುವಯಸ್ಸಿನ ಹೆಂಗಸು. ಅವರ ಅಂಗಿ ಎಲ್ಲಿಯೂ ಸವೆದಿರಲಿಲ್ಲ. ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಎಂಜಿನಿಯರನ್ನು ಕರೆಸಿದರು, ಅವನು ನೆಲ ನೋಡುತ್ತ ಹೌದೆಂದ. ಆಮೇಲೆ ನಿರ್ದೇಶಕಿ ಇಸ್ತ್ರಿಯಕ್ಕನನ್ನು ಕೇಳಿದರು, ಮನೆ ಸಿಗಬೇಕಾದರೆ ಕಡಿಮೆ ಖರ್ಚು ಮಾಡಬೇಕೆಂದು ನಿಮಗೆ ಹೇಳಿದವರು ಯಾರು ಎಂದು. ಯಾರೂ ಹೇಳಿರಲಿಲ್ಲ. ಒಪ್ಪಂದದ ಕಾಗದ ತೆಗೆದು ಅವಳ ಮುಂದೆ ಇಟ್ಟರು. ಅದರಲ್ಲಿ ಮೀಟರಿನ ಅಂಕಿಯ ಮಾತೇ ಇರಲಿಲ್ಲ. ಹತ್ತು ಪಟ್ಟು ಖರ್ಚು ಮಾಡಿದ್ದರೂ ಮನೆ ಅವರದಾಗುತ್ತಿತ್ತು. ಇದ್ದದ್ದು ಒಂದೇ ಷರತ್ತು: ಎರಡು ವರ್ಷ ಆ ಮನೆಯಲ್ಲಿ ವಾಸ ಮಾಡಬೇಕು.

“ಈಗ ನೀವೇ ಹೇಳಿ,” ಎಂದರು ನಿರ್ದೇಶಕಿ, “ಎಷ್ಟು ದಿನ ವಾಸ ಮಾಡಿದ್ರಿ?”

ಇಸ್ತ್ರಿಯಕ್ಕ ಮನಸ್ಸಿನಲ್ಲೇ ಎಣಿಸಿ, ಹದಿನೈದು ದಿನ ಎಂದಳು.

ಕಂಪನಿ ಕೆಟ್ಟದ್ದೇನಲ್ಲ. ಬಯಲಿನ ಕೆಲಸವನ್ನು ಅಂದೇ ನಿಲ್ಲಿಸಿತು, ರಂಧ್ರಗಳ ಆಳವನ್ನು ಮತ್ತೆ ನೂರು ಮೀಟರಿಗೆ ಏರಿಸಿತು. ಇಸ್ತ್ರಿಯಕ್ಕನ ಪ್ರಾಮಾಣಿಕತೆಗೆ ಗಾಜಿನ ಚೌಕಟ್ಟು ಹಾಕಿಸಿದ ಪ್ರಶಸ್ತಿ ಪತ್ರ ಕೊಟ್ಟಿತು. ಅದನ್ನು ತೂಗುಹಾಕಲು ಗೋಡೆಯನ್ನು ಮಾತ್ರ ಕೊಡಲಾಗಲಿಲ್ಲ. ಎರಡು ವರ್ಷದ ಅಂಕಿಗಳು ಕಸಕ್ಕೆ ಹೋದ ಮೇಲೆ ಪರೀಕ್ಷೆ ಮೊದಲಿನಿಂದ ಆಗಬೇಕಿತ್ತು, ಅದಕ್ಕೆ ಮಾಮೂಲಿ ಕುಟುಂಬವೊಂದು ಬೇಕಿತ್ತು. ಮೀಟರಿನ ಒಳಹೊರಗನ್ನು ಇಷ್ಟು ಬಲ್ಲ ನಿಮ್ಮನ್ನು ಇನ್ನು ಮಾಮೂಲಿ ಅನ್ನಲಾಗದು ಎಂದು ನಿರ್ದೇಶಕಿ ವಿಷಾದದಿಂದಲೇ ತಿಳಿಸಿದರು. ತಿಂಗಳ ಕೊನೆಯವರೆಗೆ ಇರಬಹುದು. ಎಂಜಿನಿಯರಿಗೆ ಬಡ್ತಿ ತಪ್ಪಿತು, ಕೆಲಸ ಉಳಿಯಿತು.

ತಂಗಿಗೆ ಸುದ್ದಿ ತಲುಪಿದಾಗ ಅವಳು ಕಾಲಿಗೆ ಬೀಳಲಿಲ್ಲ. ಮನೆ ಆರು ತಿಂಗಳು ತಡವಾಗುತ್ತದೆ, ತಾವು ಹಳೇ ಮನೆ ಬಿಡುತ್ತೇವೆಂದು ಹೇಳಿಯಾಗಿದೆ, ನಿನ್ನ ಸತ್ಯಕ್ಕೆ ನಮ್ಮ ಮನೆಯೇ ಸಿಕ್ಕಿತಾ ಎಂದು ಜಗಳವಾಡಿ ಹೋದಳು. ಮೂರು ಚಳಿಗಾಲ ಕಳೆದ ಮೇಲೆ ಬರಬೇಕಾಗಿದ್ದು ಬಾರದೆ ಹೋದ ಕಷ್ಟಕ್ಕೆ ಯಾರು ತಾನೇ ಇವತ್ತು ಉಪಕಾರ ನೆನೆಯುತ್ತಾರೆ? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಕಂಡಕ್ಟರು ಒಮ್ಮೆ ಗೊಣಗಿದ. ಗೊಣಗಿ, ಹೆಂಡತಿಯ ಮುಖ ನೋಡಿ, ಹನ್ನೆರಡನೆಯ ಬಾಡಿಗೆ ಮನೆ ಹುಡುಕಲು ಹೊರಟ.

ಆ ಮಧ್ಯಾಹ್ನ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಹೇಳಲೇಬೇಕಾದ್ದನ್ನು ಸೊಸೆ ಅತ್ತೆಗೆ ಹೇಳಿದಳು: ಖಾಲಿ ಮಾಡಬೇಕು ಅತ್ತೆ, ಇನ್ನೊಂದು ಸಲ. ಅತ್ತೆ ಬೈಯಬಹುದೆಂದು ಕಾದಳು. ಬೈಗುಳ ಬರಲಿಲ್ಲ. ಮುದುಕಿ ಕಂಬಳಿಯಿಲ್ಲದೆ, ಕಾಲುಚೀಲವಿಲ್ಲದೆ, ಬೆಚ್ಚಗಿನ ನೆಲದ ಮೇಲೆ ಕೂತು ಕಿಟಕಿಯ ಹೊರಗಿನ ಹಿಮ ನೋಡುತ್ತಿದ್ದರು. ಕೈಬೆರಳು ಸಲೀಸಾಗಿ ಸೆರಗಿನ ಅಂಚು ಸುತ್ತುತ್ತಿದ್ದವು.

ಇಸ್ತ್ರಿಯಕ್ಕ ಆ ಬೆರಳುಗಳನ್ನು ನೋಡಿದಳು. ಮನೆ ಕೈತಪ್ಪಿದ್ದಕ್ಕೆ ಅವಳು ಕಚೇರಿಯಲ್ಲಿ ಅತ್ತಿರಲಿಲ್ಲ, ತಂಗಿಯ ಮುಂದೆಯೂ ಅತ್ತಿರಲಿಲ್ಲ. ಈಗ ಅಳು ಬಂತು. ಎರಡು ಚಳಿಗಾಲ, ಒಂದು ಗುಂಡಿ ತಿರುಗಿಸಿದರೆ ಸಾಕಿದ್ದ ಮನೆಯೊಳಗೆ, ಈ ಮುದುಕಿಯನ್ನು ತಾನು ನಡುಗಿಸಿದ್ದಳು. ಯಾರೂ ಕೇಳಿರಲಿಲ್ಲ, ಯಾರೂ ಗೋಡೆಗೆ ಕಿವಿಯಿಟ್ಟಿರಲಿಲ್ಲ. ಏಳನೆಯ ಮನೆಯ ಮಾಲೀಕಳು ಈ ಮನೆಯಲ್ಲೂ ಇದ್ದಳು, ತಾನೇ ಅವಳಾಗಿದ್ದಳು. ಅವಳು ನೆಲದ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು, ತಪ್ಪಾಯ್ತು ಅತ್ತೆ ಎಂದಳು.

“ನಡುಗಿದ್ದು ನಾನು, ಅಳೋದು ನೀನಾ?” ಎಂದರು ಅತ್ತೆ. “ಈ ತಿಂಗಳು ಮುಗಿಯೋಕೆ ಇನ್ನೂ ಒಂಬತ್ತು ದಿನ ಇದೆ,” ಎಂದು ಕೈಚಾಚಿದರು. “ಎಬ್ಬಿಸು ನನ್ನ. ತಲೆಗೆ ನೀರು ಹಾಕು. ಬೇಗ ಮುಗಿಸ್ಬೇಡ.”

ಸೊಸೆ ಅವರನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದಳು. ನಲ್ಲಿ ಪೂರ್ತಿ ಬಿಟ್ಟಳು. ಮುದುಕಿಯ ನೆತ್ತಿಯ ಮೇಲೆ, ಗೂನು ಬೆನ್ನಿನ ಮೇಲೆ, ಗೆಣ್ಣುಗೆಣ್ಣಿನ ಮೇಲೆ ನೂರು ಮೀಟರ್ ಕೆಳಗಿನ ಕಾವು ಹೊತ್ತ ನೀರು ಸುರಿಯಿತು. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಸಾಕಾ ಎಂದು ಸೊಸೆ ಕೇಳಿದಳು. ಇನ್ನೂ ಸ್ವಲ್ಪ ಎಂದರು. ಮತ್ತೆ ಕೇಳಿದಳು. ಇನ್ನೂ ಸ್ವಲ್ಪ ಎಂದರು. ಮೂರನೆಯ ಸಲ ಅವಳು ಕೇಳಲಿಲ್ಲ, ಸುಮ್ಮನೆ ಹಾಕುತ್ತ ಹೋದಳು.